ಗಿಡ ನೆಡುವುದಕ್ಕೂ ಆಕ್ಷೇಪಣೆಯೇ?

ಮರ ಕಡಿಯುವ ಮೊದಲು ಜನರ ಅಭಿಪ್ರಾಯ ಕೇಳಬೇಕು ಎಂದರೆ ಎಲ್ಲರೂ ಒಪ್ಪುತ್ತಾರೆ. ನೆಡುವ ಮೊದಲೂ ಕೇಳಬೇಕು ಎಂದರೆ ಮಾತ್ರ ‘ಒಳ್ಳೇ ಕೆಲಸಕ್ಕೂ ಅಡ್ಡಗಾಲೇ’ ಎನ್ನುತ್ತಾರೆ. ಅವರಿಗೆ ಸ್ಕಾಟ್ಲೆಂಡಿನ ಉತ್ತರ ಭಾಗದ ಫ್ಲೋ ಕಂಟ್ರಿಯ ಕತೆ ಹೇಳಬೇಕು. 1980ರ ದಶಕದಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಆ ಜೌಗು ಬಯಲಿನಲ್ಲಿ ಬಸಿಗಾಲುವೆ ತೋಡಿ ಸ್ಪ್ರೂಸ್, ಪೈನ್ ನೆಟ್ಟರು. ಸಾವಿರಾರು ವರ್ಷಗಳಿಂದ ನೀರಿನಡಿ ಪೂರ್ತಿ ಕೊಳೆಯದೆ ಕೂತಿದ್ದ ಸಸ್ಯಾವಶೇಷದ ಪೀಟ್ ಮಣ್ಣು ಒಣಗತೊಡಗಿತು. ಬಯಲಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ನೆಲೆ ತಪ್ಪಿತು. 1988ರಲ್ಲಿ ರಿಯಾಯಿತಿ ರದ್ದಾಯಿತು. ಈಗ ಆ ಮರಗಳನ್ನೇ ಕಡಿದು, ಕಾಲುವೆಗಳನ್ನೇ ಕಟ್ಟಿ ಜೌಗನ್ನು ಮರಳಿಸುತ್ತಿದ್ದಾರೆ. 2024ರಲ್ಲಿ ಆ ಪ್ರದೇಶ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಐರೋಪ್ಯ ಒಕ್ಕೂಟದ ಪರಿಸರ ಪರಿಣಾಮ ನಿಯಮದಲ್ಲಿ ಹೊಸದಾಗಿ ಕಾಡು ಬೆಳೆಸುವುದೂ ಇದೆ, ಕಾಡು ಕಡಿದು ಭೂಬಳಕೆ ಬದಲಿಸುವುದೂ ಇದೆ. 2014ರ ತಿದ್ದುಪಡಿಯ ಪ್ರಕಾರ, ಅನುಮತಿಗೆ ಮೊದಲು ತಯಾರಾಗುವ ಪರಿಸರ ಪರಿಣಾಮ ವರದಿಯ ಮೇಲೆ ಅಭಿಪ್ರಾಯ ಹೇಳಲು ಜನರಿಗೆ ಕನಿಷ್ಠ 30 ದಿನ ಕೊಡಬೇಕು. (ಭಾರತದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಯೋಜನಾಪಟ್ಟಿಯಲ್ಲಿ ನೆಡುತೋಪೇ ಇಲ್ಲ.) 30 ದಿನ ಸಾಕಷ್ಟಾಯಿತು ಅನಿಸುತ್ತದೆ, ಅನುಬಂಧಗಳ ಕಟ್ಟು ಬಿಚ್ಚುವ ತನಕ.

ಹಾಗಾಗಿ ಸಾರಾಂಶ ಓದುತ್ತ ಕೂರಬಾರದು. ಅದನ್ನು ಬರೆದಿರುವುದೇ ಅನುಮತಿ ಸಿಗಲಿ ಎಂದು. ಮೊದಲು ನಕ್ಷೆಗಳನ್ನೂ ಸಮೀಕ್ಷೆಯ ತಾರೀಕುಗಳನ್ನೂ ತೆಗೆಯಬೇಕು. ಹಕ್ಕಿ ಗೂಡು ಕಟ್ಟುವ ಕಾಲ ಮುಗಿದ ಮೇಲೆ ಹಕ್ಕಿ ಎಣಿಸಿದ್ದರೆ, ಹೂ ಬಿಡದ ಕಾಲದಲ್ಲಿ ಸಸ್ಯ ಗುರುತಿಸಿದ್ದರೆ, ‘ಗಮನಾರ್ಹ ಪರಿಣಾಮ ಇಲ್ಲ’ ಎಂಬ ಮಾತಿಗೆ ಬುಡವೇ ಇರುವುದಿಲ್ಲ. ನಂತರ ನಕ್ಷೆ ಹಿಡಿದು ಒಂದು ದಿನ ಜಾಗದಲ್ಲಿ ನಡೆಯಬೇಕು, ಮಳೆ ಬಂದ ಮರುದಿನವಾದರೆ ಇನ್ನೂ ಒಳ್ಳೆಯದು.

ಯೋಜನೆಯ ಗಡಿ ದಾಟಿ ಹಳ್ಳ ಹೊರಬೀಳುವ ಕಡೆಯಿಂದ ಶುರುಮಾಡಿ ಮೇಲಕ್ಕೆ ಹೋಗುವುದು ಸರಿಯಾದ ಕ್ರಮ, ಏಕೆಂದರೆ ಮೇಲಿನ ತಪ್ಪೆಲ್ಲ ಕೆಳಗೆ ಬಂದು ಸೇರುತ್ತದೆ. ಬ್ರಿಟನ್ನಿನ ಅರಣ್ಯ ಮಾನದಂಡದಂತೆ 2 ಮೀಟರ್‌ಗಿಂತ ಅಗಲದ ಹಳ್ಳದ ಪಕ್ಕ 20 ಮೀಟರ್, 1ರಿಂದ 2 ಮೀಟರ್ ಅಗಲದ್ದಕ್ಕೆ 10 ಮೀಟರ್ ಅಂಚು ಬಿಡಬೇಕು. ನಕ್ಷೆಯಲ್ಲಿ ಎರಡೂ ಒಂದೇ ನೀಲಿ ಗೆರೆ. ಟೇಪು ಹಿಡಿದಾಗಲೇ ವ್ಯತ್ಯಾಸ ಗೊತ್ತಾಗುವುದು. ಉಳುಮೆಯ ಸಾಲುಗಳು ಇಳಿಜಾರಿನ ಜೊತೆಗೇ ಓಡಿ ನೇರ ಹಳ್ಳಕ್ಕೆ ಬಿದ್ದರೆ ಹೂಳು ಖಂಡಿತ. ರಸ್ತೆ ಹಳ್ಳ ದಾಟುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಮೋರಿಯ ಕೊಳವೆ ಚಿಕ್ಕದಾದರೆ ಎಲೆ, ಕಡ್ಡಿ ಸಿಕ್ಕಿಕೊಂಡು ನೀರು ರಸ್ತೆಯ ಮೇಲೇ ಹರಿಯುತ್ತದೆ. ಕೊಳವೆಯ ಬಾಯಿ ಹಳ್ಳದ ತಳಕ್ಕಿಂತ ಎತ್ತರದಲ್ಲಿದ್ದರೆ ಮೀನು ಮೇಲೆ ಹತ್ತುವುದಿಲ್ಲ. ಇನ್ನೊಂದು ಮಾತು: ವರದಿಗಳು ನೆಡುವ ವರ್ಷದ ಬಗ್ಗೆ ಪುಟಗಟ್ಟಲೆ ಬರೆದು ಕಟಾವಿನ ಬಗ್ಗೆ ಒಂದು ಪ್ಯಾರಾದಲ್ಲಿ ಕೈತೊಳೆದುಕೊಳ್ಳುತ್ತವೆ. ಭಾರೀ ಯಂತ್ರ ಓಡಾಡುವುದು, ಕೊಳೆಯುವ ಸೊಪ್ಪುಸದೆಯಿಂದ ರಂಜಕ, ಸಾರಜನಕ ನೀರಿಗಿಳಿಯುವುದು ಆಗಲೇ.

ಪೀಟ್ ಆಳ ನೋಡಲು ಸೆಂಟಿಮೀಟರ್ ಗುರುತು ಹಾಕಿದ ತೆಳು ಉಕ್ಕಿನ ಸರಳು ಸಾಕು. ನೆಟ್ಟಗೆ ಒತ್ತುತ್ತ ಹೋದರೆ ಬೆಣ್ಣೆಗೆ ಚಾಕು ಇಟ್ಟಂತೆ ಇಳಿದು, ಗಟ್ಟಿ ಮಣ್ಣು ತಾಗಿದೊಡನೆ ನಿಲ್ಲುತ್ತದೆ. ಟಣ್ ಎಂದರೆ ಕಲ್ಲು. ಒಂದಡಿ ಸರಿದು ಮತ್ತೆ ಒತ್ತಬೇಕು. ಅದೇ ಬ್ರಿಟಿಷ್ ಮಾನದಂಡ 50 ಸೆಂಟಿಮೀಟರ್ ದಾಟಿದ ಪೀಟಿನಲ್ಲಿ ಹೊಸ ನೆಡುತೋಪು ಬೇಡ ಎನ್ನುತ್ತದೆ. ನಕ್ಷೆ 40 ಎಂದ ಕಡೆ ಸರಳು 70 ಇಳಿದರೆ, ಸರಳಿನ ಸಮೇತ ಫೋಟೊ, ಜಿಪಿಎಸ್ ಸ್ಥಾನ, ತಾರೀಕು ದಾಖಲಿಸಬೇಕು. ಒಂದೇ ಬಿಂದುವನ್ನು ಅಧಿಕಾರಿ ತಳ್ಳಿಹಾಕಬಹುದು, ಒಂದೇ ಸಾಲಿನ ಐದಾರನ್ನು ಹಾಗೆ ತಳ್ಳುವುದು ಕಷ್ಟ.

ಅಕ್ಕಪಕ್ಕದ ತೋಪುಗಳನ್ನೂ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಬೇಕು. ದೊಡ್ಡ ಯೋಜನೆಯನ್ನು, ಪರಿಣಾಮ ವರದಿ ಬೇಡದ ಮಿತಿಯೊಳಗಿನ ತುಂಡುಗಳಾಗಿ ಒಡೆದು ತರುವುದು ಹಳೇ ಚಾಳಿ. ಜಾಗದ ಸ್ವರೂಪ, ಒಟ್ಟು ಪರಿಣಾಮ ನೋಡದೆ ಬರೀ ವಿಸ್ತೀರ್ಣದ ಮಿತಿ ಇಟ್ಟದ್ದು ತಪ್ಪು ಎಂದು ಐರೋಪ್ಯ ನ್ಯಾಯಾಲಯ 1999ರಲ್ಲೇ ಐರ್ಲೆಂಡ್ ವಿರುದ್ಧ ತೀರ್ಪು ಕೊಟ್ಟಿದೆ. ಆ ಪ್ರಕರಣದಲ್ಲಿ ಕಾಡು ಬೆಳೆಸುವ ಯೋಜನೆಗಳೂ ಇದ್ದವು.

ಇನ್ನು ಬರೆಯುವುದು. ಅಹವಾಲು ಮತದಾನವಲ್ಲ. ಒಂದೇ ಒಕ್ಕಣೆಯ ಇನ್ನೂರು ಅರ್ಜಿಗಳಿಗೆ ಸಿಗುವುದು ಸಾಮಾನ್ಯವಾಗಿ ಒಂದೇ ಉತ್ತರ. ‘ಪರಿಸರ ಹಾಳಾಗುತ್ತದೆ’ ಎಂಬ ವಾಕ್ಯಕ್ಕೆ ‘ಗಮನಿಸಲಾಗಿದೆ’ ಎಂಬ ಹಿಂಬರಹ ಬಂದರೆ ದೂರುವಂತಿಲ್ಲ. ವರದಿಯ ಪುಟ, ನಕ್ಷೆಯ ಬಿಂದು, ಅಲ್ಲಿ ಕಂಡದ್ದು, ಅದರಿಂದಾಗುವುದು, ಏನು ಬದಲಾಗಬೇಕು, ಈ ಐದೂ ಒಂದೇ ಅಂಶದಡಿ ಬರಬೇಕು. ಪ್ರತಿ ಅಂಶಕ್ಕೆ ಸಂಖ್ಯೆ ಇರಬೇಕು. ತಿರಸ್ಕರಿಸಿ ಎಂದು ಕೇಳಿದರೂ, ಒಪ್ಪುವುದಾದರೆ ಯಾವ ಶರತ್ತು, ಯಾರು, ಯಾವಾಗ ಪರಿಶೀಲಿಸಬೇಕು ಎಂದೂ ಬರೆಯಬೇಕು. ‘ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು’ ಎಂಬ ಶರತ್ತನ್ನು ಯಾರೂ ಪರಿಶೀಲಿಸಲಾರರು. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯದೆ ಬರಬಾರದು.

ತೀರ್ಮಾನ ಹೊರಬಿದ್ದ ದಿನ ಅದರ ಕಾರಣಗಳ ಭಾಗವನ್ನು ತೆರೆದು, ನಮ್ಮ ಒಂದೊಂದು ಸಂಖ್ಯೆಗೂ ಉತ್ತರ ಇದೆಯೇ ಎಂದು ಪಕ್ಕದಲ್ಲಿಟ್ಟು ನೋಡಬೇಕು. ಪ್ರಶ್ನಿಸುವ ಗಡುವು ಸಾಮಾನ್ಯವಾಗಿ ಕೆಲವೇ ವಾರಗಳದ್ದು. ಆ ಕೆಲಸವನ್ನು ಮುಂದಿನ ವಾರಕ್ಕೆ ಇಡುವಂತಿಲ್ಲ.