ಅಷ್ಟು ದಿನ ಒಂದೇ ಬಂದರಲ್ಲಿ ಯಾಕೆ ಕೂತಿದ್ರಿ?

ಸಾಗರದ ಪೇಟೆಯಲ್ಲಿ ಸಿಕ್ಕವರು, ಶಿವಮೊಗ್ಗದ ಬಸ್ಸಿನಲ್ಲಿ ಪಕ್ಕ ಕೂತವರು, ಮದುವೆಮನೆ ಪಂಕ್ತಿಯಲ್ಲಿ ಎದುರಾದವರು, ಎಲ್ಲರದ್ದೂ ಒಂದೇ ಪ್ರಶ್ನೆ. "ಅಮೆರಿಕದಲ್ಲಿ ಹಾಯಿದೋಣಿ ಹತ್ತಿ ದಕ್ಷಿಣಕ್ಕೆ ಹೊರಟಿದ್ರಂತೆ. ಮತ್ತೆ ವಾರಗಟ್ಟಲೆ ಒಂದೇ ಬಂದರಲ್ಲಿ ಯಾಕೆ ಕೂತಿದ್ರಿ ಮಾರಾಯ್ರೆ? ದೋಣಿ ಕೆಟ್ಟಿತ್ತಾ?"

ಕೆಟ್ಟಿರಲಿಲ್ಲ. ಅಂದರೆ ಪೂರ್ತಿ ಕೆಟ್ಟಿರಲಿಲ್ಲ, ಆ ವಿಷಯ ಆಮೇಲೆ ಹೇಳುತ್ತೇನೆ. ಪ್ರತಿ ಸಲ ಅರ್ಧ ಉತ್ತರ ಕೊಡುವಷ್ಟರಲ್ಲಿ ಕೇಳಿದವರ ಸ್ಟಾಪ್ ಬಂದಿರುತ್ತದೆ. ಹಾಗಾಗಿ ಒಮ್ಮೆ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ನನ್ನ ಸೋದರಮಾವನ ಮಗ, ನನಗೆ ಭಾವ, ವರ್ಜೀನಿಯಾದಲ್ಲಿದ್ದಾನೆ. ಅವನ ಹತ್ತಿರ ಒಂದು ಹಳೆಯ ಹಾಯಿದೋಣಿ ಇದೆ. ಚಳಿಗಾಲಕ್ಕೆ ಅದನ್ನು ಬಹಾಮಾಸ್ ದ್ವೀಪಗಳಿಗೆ ಒಯ್ಯಬೇಕು ಅನ್ನುವುದು ಅವನ ಬಹಳ ದಿನದ ಆಸೆ. ಜೊತೆಗೊಬ್ಬರು ಬೇಕಿತ್ತು. ನನಗೆ ಕೆಲಸದಿಂದ ನಿವೃತ್ತಿಯಾಗಿತ್ತು, ತೋಟ ನೋಡಿಕೊಳ್ಳಲು ಮಗ ಇದ್ದ. ಹೊರಟೆ.

ದೋಣಿ ಅಂದ ಕೂಡಲೇ ಜನ ದೊಡ್ಡ ಸಮುದ್ರವನ್ನೇ ಕಣ್ಣಮುಂದೆ ತಂದುಕೊಳ್ಳುತ್ತಾರೆ. ನಮ್ಮ ದಾರಿಯಲ್ಲಿ ಹೆಚ್ಚಿನದು ಸಮುದ್ರವೇ ಅಲ್ಲ. ಅಮೆರಿಕದ ಪೂರ್ವ ಕರಾವಳಿಯ ಒಳಗಡೆ ನದಿ, ಹಿನ್ನೀರು, ಕಾಲುವೆಗಳನ್ನು ಸೇರಿಸಿ ಮಾಡಿದ ಒಂದು ಜಲಮಾರ್ಗ ಇದೆ. ಇಂಟ್ರಾಕೋಸ್ಟಲ್ ವಾಟರ್‌ವೇ ಅಂತ ಹೆಸರು. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಅದರ ಸೊನ್ನೆ ಮೈಲಿ. ಮಯಾಮಿ ಮುಟ್ಟುವಾಗ ಸುಮಾರು 1,090 ಮೈಲಿ. ಅದೇ ಕರಾವಳಿಯ ಹ್ಯಾಟರಸ್ ಭೂಶಿರದ ಹೊರಗೆ ಹಡಗುಗಳು ಲೆಕ್ಕವಿಲ್ಲದಷ್ಟು ಮುಳುಗಿವೆ. ಸಣ್ಣ ದೋಣಿಯವರು ಅದರ ಗೊಡವೆಗೆ ಹೋಗದೆ ಈ ಒಳದಾರಿ ಹಿಡಿಯುತ್ತಾರೆ. ಹಾಯಿದೋಣಿಯ ವೇಗ ಐದಾರು ನಾಟ್. ಅಂದರೆ ಗಂಟೆಗೆ ಹತ್ತು ಕಿಲೋಮೀಟರ್ ಆಸುಪಾಸು. ಸೈಕಲ್ ಇದಕ್ಕಿಂತ ಜೋರಾಗಿ ಹೋಗುತ್ತದೆ. ರಾತ್ರಿ ಕಾಲುವೆಯಲ್ಲಿ ಹೋಗುವಂತಿಲ್ಲ, ನವೆಂಬರಿನಲ್ಲಿ ಹಗಲು ಚಿಕ್ಕದು. ದಿನಕ್ಕೆ ಐವತ್ತು ಮೈಲಿ ಸಾಗಿದರೆ ಅದೇ ದೊಡ್ಡದು.

ಹೀಗೆ ತೆವಳಿಕೊಂಡು ಫ್ಲಾರಿಡಾದ ವೀರೊ ಬೀಚ್ ಮುಟ್ಟಿದೆವು. ಸುಮಾರು 950ನೇ ಮೈಲಿಯಲ್ಲಿರುವ ಊರು. ಇಂಡಿಯನ್ ರಿವರ್ ಅನ್ನುವ ಲಗೂನಿನ, ಅಂದರೆ ಕಡಲಂಚಿನ ಹಿನ್ನೀರಿನ, ಪಕ್ಕದಲ್ಲಿ ನಗರಸಭೆಯದೇ ಮರೀನಾ, ಅಂದರೆ ದೋಣಿ ತಂಗುವ ಜಾಗ, ಇದೆ. ನಾವು ಕೂತದ್ದು ಅಲ್ಲೇ.

ಅಲ್ಲಿ ಸಿಕ್ಕಿಹಾಕಿಕೊಂಡವರು ನಾವು ಮಾತ್ರ ಅಂದುಕೊಳ್ಳಬೇಡಿ. ದೋಣಿಯವರ ಬಾಯಲ್ಲಿ ಆ ಊರಿನ ಹೆಸರೇ 'ವೆಲ್‌ಕ್ರೋ ಬೀಚ್'. ಬ್ಯಾಗು, ಚಪ್ಪಲಿಗೆ ಹಾಕುತ್ತಾರಲ್ಲ, ಪರ್ರನೆ ಕಿತ್ತರೂ ಮತ್ತೆ ಅಂಟುವ ಪಟ್ಟಿ, ಆ ವೆಲ್‌ಕ್ರೋ. ಬಂದ ದೋಣಿ ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ.

ಯಾಕೆ ಹೋಗುವುದಿಲ್ಲ? ಇದಕ್ಕೆ ಹವಾಮಾನದ ಉತ್ತರ ಒಂದು, ಮನುಷ್ಯರ ಉತ್ತರ ಇನ್ನೊಂದು. ಮೊದಲು ಹವಾಮಾನ.

ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆ ಕಾಲ ಕಳೆಯುವವರೆಗೆ, ಇಲ್ಲವೇ ಕೊನೇಪಕ್ಷ ನವೆಂಬರ್ ಹುಟ್ಟುವವರೆಗೆ ದೋಣಿ ಇಂಥ ಗೆರೆಯಿಂದ ಕೆಳಗೆ ಇಳಿಯಬಾರದು ಅಂತ ಎಷ್ಟೋ ವಿಮಾ ಕಂಪನಿಗಳ ಷರತ್ತು. ಹಾಗಾಗಿ ಎಲ್ಲರೂ ಉತ್ತರದಲ್ಲಿ ಕಾದು ಕಾದು ಒಟ್ಟಿಗೇ ಹೊರಡುತ್ತಾರೆ. ಒಟ್ಟಿಗೇ ಬಂದು ವೀರೊದಲ್ಲಿ ತುಂಬಿಕೊಳ್ಳುತ್ತಾರೆ. ಬಹಾಮಾಸ್ ಅಲ್ಲಿಂದ ದೂರ ಏನಿಲ್ಲ. ಎರಡು ದಿನ ಕೆಳಗೆ ಇಳಿದರೆ ಲೇಕ್ ವರ್ತ್ ಅಳಿವೆ ಸಿಗುತ್ತದೆ. ಅಲ್ಲಿಂದ ಗ್ರ್ಯಾಂಡ್ ಬಹಾಮಾ ದ್ವೀಪದ ವೆಸ್ಟ್ ಎಂಡ್‌ಗೆ ಸುಮಾರು 55 ನಾಟಿಕಲ್ ಮೈಲಿ, ಅಂದರೆ ನೂರು ಕಿಲೋಮೀಟರ್ ಆಸುಪಾಸು. ಹತ್ತು ಹನ್ನೊಂದು ಗಂಟೆಯ ದಾರಿ. ಇಷ್ಟೇ ತಾನೇ, ಬೆಳಗ್ಗೆ ಎದ್ದು ಹೊರಟರಾಯ್ತು ಅನ್ನಿಸುತ್ತೆ ಅಲ್ವಾ?

ನಡುವೆ ಗಲ್ಫ್ ಸ್ಟ್ರೀಮ್ ಇದೆ. ಸಮುದ್ರದ ಒಳಗೇ ಹರಿಯುವ ಹೊಳೆ ಅನ್ನಿ. ಮೆಕ್ಸಿಕೋ ಕೊಲ್ಲಿಯ ಬೆಚ್ಚಗಿನ ನೀರು ಫ್ಲಾರಿಡಾ ಮತ್ತು ಬಹಾಮಾಸ್ ನಡುವಿನ ಸಂದಿಯಲ್ಲಿ ಉತ್ತರಕ್ಕೆ ನುಗ್ಗುತ್ತದೆ. ಆ ಸಂದಿಯಲ್ಲಿ ಸೆಕೆಂಡಿಗೆ ಸುಮಾರು 3 ಕೋಟಿ ಘನ ಮೀಟರ್ ನೀರು ಸಾಗುತ್ತದೆ. ಸೆಳೆತ ಜೋರಾಗಿರುವಲ್ಲಿ ವೇಗ ಮೂರು ನಾಲ್ಕು ನಾಟ್. ನಮ್ಮ ದೋಣಿಯ ವೇಗವೇ ಐದಾರು. ಮೂತಿಯನ್ನು ನೇರ ಪೂರ್ವಕ್ಕೆ ಇಟ್ಟು ಹೊರಟರೆ ಹತ್ತು ಗಂಟೆಯಲ್ಲಿ ಇಪ್ಪತ್ತೈದು ಮೂವತ್ತು ಮೈಲಿ ಉತ್ತರಕ್ಕೆ ಕೊಚ್ಚಿಹೋಗಿರುತ್ತೇವೆ. ಅದಕ್ಕೆ ಮೂತಿಯನ್ನು ಚೆನ್ನಾಗಿ ದಕ್ಷಿಣಕ್ಕೆ ಓರೆ ಮಾಡಿ ಹೋಗಬೇಕು.

ಸೆಳೆತಕ್ಕಿಂತ ಹೆದರಿಕೆ ಗಾಳಿಯದು. ನೀರು ಉತ್ತರಕ್ಕೆ ಓಡುತ್ತಿರುತ್ತದೆ. ಗಾಳಿ ಉತ್ತರದಿಂದ ಎದುರು ಬಂತೋ, ಅಲೆಗಳು ಒತ್ತೊತ್ತಾಗಿ, ಗೋಡೆಯ ಹಾಗೆ ಕಡಿದಾಗಿ ಏಳುತ್ತವೆ. ಬೇರೆ ಕಡೆ ಆರಾಮಾಗಿ ಹೋಗಬಹುದಾದ ಗಾಳಿ ಅಲ್ಲಿ ದೋಣಿಯನ್ನು ಜಜ್ಜಿ ಹಾಕುತ್ತದೆ. ವಾಯುವ್ಯ, ಉತ್ತರ, ಈಶಾನ್ಯ, ಈ ಮೂರರಲ್ಲಿ ಯಾವುದರ ಸುಳಿವಿದ್ದರೂ ದಾಟಬಾರದು. ಇದು ಅಲ್ಲಿ ಹೊಸಬರಿಗೂ ಮೊದಲ ದಿನವೇ ಸಿಗುವ ಪಾಠ.

ಚಳಿಗಾಲದಲ್ಲಿ ಆ ಉತ್ತರದ ಗಾಳಿ ಪದೇ ಪದೇ ಬರುತ್ತದೆ. ಮೇಲಿನಿಂದ ತಣ್ಣನೆಯ ಗಾಳಿಯ ಅಲೆ ಇಳಿಯುತ್ತದೆ. ಕೋಲ್ಡ್ ಫ್ರಂಟ್ ಅನ್ನುತ್ತಾರೆ. ವಾರಕ್ಕೊಂದು, ಕೆಲವೊಮ್ಮೆ ಇನ್ನೂ ಜಾಸ್ತಿ. ಬರುವ ಮುಂಚೆ ಗಾಳಿ ಆಗ್ನೇಯದಿಂದ ದಕ್ಷಿಣಕ್ಕೆ ತಿರುಗುತ್ತದೆ. ಆಮೇಲೆ ನೈಋತ್ಯ, ಪಶ್ಚಿಮ. ಫ್ರಂಟ್ ದಾಟಿದ ಮೇಲೆ ವಾಯುವ್ಯ, ಉತ್ತರ. ನಂತರ ನಿಧಾನವಾಗಿ ಈಶಾನ್ಯ, ಪೂರ್ವ. ಪೂರ್ವದ ಗಾಳಿ ಅಂದರೆ ನಾವು ಹೋಗಬೇಕಾದ ದಿಕ್ಕಿನಿಂದಲೇ ಮುಖಕ್ಕೆ ಬರುವ ಗಾಳಿ. ಮತ್ತೆ ಆಗ್ನೇಯಕ್ಕೆ ತಿರುಗಿ, ಜೋರು ಇಳಿದು, ಹಳೆಯ ಅಲೆಗಳು ಒಂದು ದಿನ ತಣ್ಣಗಾದ ಮೇಲೆ ದಾಟಲು ಒಂದು ಸಂದು ಸಿಗುತ್ತದೆ. ಒಂದು ದಿನದ್ದೋ ಒಂದೂವರೆ ದಿನದ್ದೋ. ಎಷ್ಟೋ ಸಲ ಆ ಸಂದು ತೆರೆಯುವ ಮೊದಲೇ ಮುಂದಿನ ಫ್ರಂಟ್ ಬಂದಿರುತ್ತದೆ.

ಭಾವ ದಿನಾ ಬೆಳಗ್ಗೆ ಕಾಫಿ ಹಿಡಿದು ಎರಡು ಮುನ್ಸೂಚನೆ ನೋಡುತ್ತಿದ್ದ. ಒಂದು ಅಮೆರಿಕದವರ ಜಿಎಫ್‌ಎಸ್, ಇನ್ನೊಂದು ಯುರೋಪಿನವರದ್ದು. ಎರಡೂ ಒಂದೇ ಮಾತು ಹೇಳಿದರೆ ಹೊರಡುವ ಯೋಚನೆ. ಒಂದು ಹೂಂ, ಇನ್ನೊಂದು ಊಹೂಂ ಅಂದರೆ ಅವತ್ತು ಬಟ್ಟೆ ಒಗೆಯುವ ದಿನ. ನಾವು ಬಹಳ ಬಟ್ಟೆ ಒಗೆದೆವು.

ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ನನ್ನ ಅತ್ತೆ ಮಾತ್ರ ಈ ಪ್ರಶ್ನೆ ಕೇಳಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗಿನಿಂದ ಆ ಕಡೆಯವರ ಬದುಕೇ ಹಿನ್ನೀರು ದಾಟಿಸುವ ದೋಣಿ, ಲಾಂಚಿನ ಮೇಲಿತ್ತು. ಸಂಜೆಯ ಕೊನೆ ಲಾಂಚ್ ತಪ್ಪಿದರೆ ಈಚೆ ದಡದಲ್ಲೇ ರಾತ್ರಿ ಕಳೆಯಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. 2025ರ ಜುಲೈನಲ್ಲಿ ಸೇತುವೆ ಆಗುವವರೆಗೂ ಮದುವೆ, ಹೆರಿಗೆ, ಆಸ್ಪತ್ರೆ ಎಲ್ಲದಕ್ಕೂ ನೀರನ್ನು ಕೇಳಿಯೇ ದಿನ ಇಡಬೇಕಿತ್ತು. ನಾನು ಗಲ್ಫ್ ಸ್ಟ್ರೀಮಿನ ಕತೆ ಶುರು ಮಾಡಿದರೆ ಅವರು ಮಧ್ಯದಲ್ಲೇ, "ಅದೇ ಅಲ್ದಾ, ನೀರು ಬಿಟ್ರೆ ಹೋಗದು" ಅಂದು ಒಳಗೆ ಹೋದರು. ನನ್ನ ಅರ್ಧ ಭಾಷಣ ಹಾಗೇ ಉಳಿಯಿತು.

ಇನ್ನು ಮನುಷ್ಯರ ಉತ್ತರ. ವೀರೊದಲ್ಲಿ ಸಾಮಾನ್ಯವಾಗಿ ಲಂಗರು ಹಾಕುವುದಿಲ್ಲ. ನೀರಿನ ತಳದಲ್ಲಿ ಭದ್ರ ಮಾಡಿದ ಭಾರಕ್ಕೆ ಸರಪಳಿ, ಸರಪಳಿಗೆ ತೇಲುವ ದೊಡ್ಡ ಚೆಂಡು. ಇದೇ ಮೂರಿಂಗ್. ಚೆಂಡಿಗೆ ಹಗ್ಗ ಕಟ್ಟಿ ನಿಲ್ಲಬೇಕು, ಇಷ್ಟು ದಿನಕ್ಕೆ ಇಷ್ಟು ಅಂತ ಬಾಡಿಗೆ. ದೋಣಿ ಜಾಸ್ತಿ, ಚೆಂಡು ಕಡಿಮೆ. ಹಾಗಾಗಿ ಒಂದೇ ಚೆಂಡಿಗೆ ಎರಡು, ಕೆಲವೊಮ್ಮೆ ಮೂರು ದೋಣಿಗಳನ್ನು ಮಗ್ಗುಲಿಗೆ ಮಗ್ಗುಲು ಸೇರಿಸಿ ಕಟ್ಟಿಸುತ್ತಾರೆ. ಮರೀನಾದವರು ರೇಡಿಯೋದಲ್ಲಿ ಹೇಳುತ್ತಾರೆ, ಗುರುತೇ ಇಲ್ಲದವರು ಬಂದು ನಿಮ್ಮ ಮನೆಗೆ ಮನೆ ತಾಗಿಸಿ ಕಟ್ಟುತ್ತಾರೆ. ಅವರ ಕೆಮ್ಮು ನಿಮಗೆ ಕೇಳುತ್ತದೆ, ನಿಮ್ಮ ಒಗ್ಗರಣೆ ಅವರ ಮೂಗಿಗೆ.

ನಮ್ಮ ಪಕ್ಕಕ್ಕೆ ಬಂದವರು ಕೆನಡಾದ ಕ್ಯೂಬೆಕ್‌ನ ವಯಸ್ಸಾದ ಗಂಡ ಹೆಂಡತಿ. ಅವರದು ಫ್ರೆಂಚ್, ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನ ಇಂಗ್ಲಿಷೂ ಆಫೀಸಿನ ಫೈಲಿನ ಇಂಗ್ಲಿಷು. ಆದರೂ ನಾಲ್ಕು ದಿನದಲ್ಲಿ ಯಜಮಾನರು ನನಗೆ ಹಗ್ಗದ ತುದಿಯಲ್ಲಿ ಕುಣಿಕೆ ಹೆಣೆಯುವುದು ಹೇಳಿಕೊಟ್ಟರು. ಆ ಅಮ್ಮನಿಗೆ ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ರುಚಿ ಹತ್ತಿತು. ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಅದರ ಮೇಲೆ ಮಿಡಿ ಇಟ್ಟು ತಿನ್ನುತ್ತಿದ್ದರು. ನೋಡಲು ಕಷ್ಟವೇ, ಆದರೆ ಅತಿಥಿಗಳು, ಏನು ಹೇಳಲಿ.

ನವೆಂಬರಿನ ನಾಲ್ಕನೇ ಗುರುವಾರ ಅಮೆರಿಕದವರಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅವತ್ತು ವೀರೊದಲ್ಲಿ ದೋಣಿಯವರೆಲ್ಲ ಸೇರಿ ಊಟ ಮಾಡುತ್ತಾರೆ, ಒಬ್ಬೊಬ್ಬರು ಒಂದೊಂದು ಪದಾರ್ಥ ತರಬೇಕು. ನಾನು ಚಿತ್ರಾನ್ನ ಮಾಡಿದೆ. ಆ ಊಟಕ್ಕೆಂದೇ ಒಳ್ಳೆಯ ಗಾಳಿಯನ್ನು ಬಿಟ್ಟು ಉಳಿದವರೂ ಇದ್ದರು. ಹವಾಮಾನ ನೆವ ಅಂತ ನನಗೆ ಅನುಮಾನ ಬಂದದ್ದು ಆವಾಗಲೇ. ಊರಿನ ಬಸ್ಸಿಗೆ ಟಿಕೆಟ್ ಇಲ್ಲ, ಮರೀನಾದ ಹತ್ತಿರವೇ ಹತ್ತಿ ಅಂಗಡಿ, ಲೈಬ್ರರಿ ಎಲ್ಲ ಮುಟ್ಟಬಹುದು. ಬಿಸಿನೀರಿನ ಸ್ನಾನ ಇದೆ. ಲಗೂನಿನಲ್ಲಿ ಮ್ಯಾನಟೀ ಅನ್ನುವ ಸಾಧು ಪ್ರಾಣಿ, ಎಮ್ಮೆಯಷ್ಟು ಗಾತ್ರದ್ದು, ದೋಣಿ ಪಕ್ಕ ಬಂದು ಉಸಿರು ಬಿಟ್ಟು ಹೋಗುತ್ತದೆ. ಸ್ವಲ್ಪ ಉತ್ತರಕ್ಕೆ ಪೆಲಿಕನ್ ಐಲ್ಯಾಂಡ್. 1903ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಹಕ್ಕಿಗಳಿಗೆಂದು ಕಾದಿಟ್ಟ ದ್ವೀಪ, ಅಮೆರಿಕದ ಮೊಟ್ಟಮೊದಲ ವನ್ಯಜೀವಿ ಆಸರೆ. ಹೊರಡಲು ಅವಸರ ಯಾರಿಗಿರುತ್ತದೆ?

ಬಹಾಮಾಸ್‌ಗೆಂದು ಹೊರಟು, ಅಲ್ಲೇ ವರ್ಷಗಳಿಂದ ನಿಂತ ದೋಣಿಗಳೂ ಇವೆ. ತಳಕ್ಕೆ ಚಿಪ್ಪು ಕಟ್ಟಿ, ಹಗ್ಗಕ್ಕೆ ಪಾಚಿ ಹಿಡಿದಿರುತ್ತದೆ. ಹೊಸಬರು ಅವರನ್ನು ನೋಡಿ ನಗುತ್ತಾರೆ. ನನಗೆ ನಗಬೇಕು ಅನ್ನಿಸಲಿಲ್ಲ. ಊರು ಹಿಡಿಸಿದರೆ ನಿಲ್ಲುವುದರಲ್ಲಿ ಏನು ತಪ್ಪು? ತಪ್ಪು ಅನ್ನುವುದಾದರೆ ಅವಸರ ಮಾಡುವವರದ್ದು. ಮಗಳು ಇಂಥ ದಿನ ವಿಮಾನದಲ್ಲಿ ಬಂದು ಇಳಿಯುತ್ತಾಳೆ, ಅಷ್ಟರಲ್ಲಿ ದಾಟಿರಬೇಕು ಅಂತ ಕ್ಯಾಲೆಂಡರ್ ನೋಡಿ ಹೊರಡುವವರು. ದೋಣಿಯವರಲ್ಲಿ ಒಂದು ಮಾತಿದೆ: ನಾವು ಸಿಗುವ ಊರು ಹೇಳುತ್ತೇವೆ, ಇಲ್ಲವೇ ದಿನ ಹೇಳುತ್ತೇವೆ, ಎರಡನ್ನೂ ಕೇಳಬೇಡಿ.

ಇನ್ನು ದೋಣಿ ಕೆಟ್ಟ ವಿಷಯ. ಎಂಜಿನ್ ತಂಪಾಗಿಡಲು ಸಮುದ್ರದ ನೀರನ್ನೇ ಒಳಗೆ ಎಳೆಯುವ ಒಂದು ಪಂಪು ಇರುತ್ತದೆ. ಅದರೊಳಗೆ ರಬ್ಬರಿನ ಪುಟ್ಟ ಚಕ್ರ, ಇಂಪೆಲ್ಲರ್. ಅದರ ಎಸಳುಗಳು ಮುರಿದಿದ್ದವು. ಹೊಸದು ಹಾಕುವುದು ಅರ್ಧ ಗಂಟೆಯ ಕೆಲಸ. ಆದರೆ ಮುರಿದ ಚೂರುಗಳು ಪೈಪಿನೊಳಗೆ ಎಲ್ಲಿ ಕೂತಿವೆ ಅಂತ ಒಂದೊಂದೇ ಹುಡುಕಿ ತೆಗೆಯಬೇಕು, ಇಲ್ಲದಿದ್ದರೆ ನೀರು ಕಟ್ಟಿ ಎಂಜಿನ್ ಬಿಸಿಯೇರುತ್ತದೆ. ತೆಗೆಯುವಾಗ ಪಂಪಿನ ಸೀಲೂ ಸೋರುತ್ತಿದೆ ಅಂತ ಕಂಡಿತು. ಆ ಬಿಡಿಭಾಗ ಅಂಚೆಯಲ್ಲಿ ಬರಬೇಕು. ಬರುವುದರೊಳಗೆ ಒಂದು ಒಳ್ಳೆಯ ಸಂದು ಕಳೆದೇಹೋಯಿತು. ಕ್ಯೂಬೆಕ್‌ನವರು ಅದರಲ್ಲೇ ಹೊರಟರು. ಅವರ ದೋಣಿಯ ಹಗ್ಗ ಬಿಚ್ಚಿ ಕಳಿಸಿದೆವು. ಉಪ್ಪಿನಕಾಯಿ ಬಾಟಲಿ ಅವರ ಜೊತೆ ಹೋಯಿತು.

ಕೊನೆಗೆ ನಾವೂ ದಾಟಿದೆವು. ನಡುರಾತ್ರಿ ಕಳೆದ ಮೇಲೆ ಲೇಕ್ ವರ್ತ್ ಬಿಟ್ಟೆವು. ಬಹಾಮಾಸ್ ಕಡೆ ನೀರು ಆಳವಿಲ್ಲ, ಹವಳದ ಬಂಡೆ ಎಲ್ಲಿದೆ ಅಂತ ನೀರಿನ ಬಣ್ಣ ನೋಡಿಯೇ ತಿಳಿಯಬೇಕು. ಅದಕ್ಕೆ ಬಿಸಿಲು ಮೇಲಿರುವಾಗಲೇ ಮುಟ್ಟಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲರದ್ದೂ ಇನ್ನೊಂದು ಪ್ರಶ್ನೆ ಇರುತ್ತದೆ. "ಅಷ್ಟು ಕಾದಿರಲ್ಲ, ದಾಟುವ ದಿನ ಗಾಳಿ ಹೇಗಿತ್ತು?"

ಇರಲೇ ಇಲ್ಲ. ಗಲ್ಫ್ ಸ್ಟ್ರೀಮ್ ಸುಮ್ನಿರುವ ದಿನ ಅಂದರೆ ಬಹುಪಾಲು ಗಾಳಿ ಇಲ್ಲದ ದಿನ. ದೊಡ್ಡ ಹಾಯಿಯನ್ನು ದೋಣಿ ಹೊಯ್ದಾಡದಿರಲಿ ಅಂತ ಏರಿಸಿದ್ದೆವು, ಅಷ್ಟೆ. ಉಳಿದದ್ದೆಲ್ಲ ಡೀಸೆಲ್. ಇದನ್ನು ಕೇಳಿದ ಮೇಲೆ ಸಾಗರದಲ್ಲಿ ನನ್ನನ್ನು ನಾವಿಕ ಅನ್ನುವುದನ್ನು ಬಿಟ್ಟಿದ್ದಾರೆ.