ಎಕ್ಸ್‌ಎಫ್‌ಸಿಇ ವೇಲ್ಯಾಂಡ್‌ಗೆ: ಆದದ್ದೆಷ್ಟು, ಉಳಿದದ್ದೆಷ್ಟು

ಎಕ್ಸ್‌ಎಫ್‌ಸಿಇ ಲಿನಕ್ಸ್‌ನ ಒಂದು ಹಗುರ ಡೆಸ್ಕ್‌ಟಾಪ್. ಪರದೆಯ ಮೇಲೆ ವಿಂಡೋ ಮೂಡಿಸುವ ಹಳೆಯ ವ್ಯವಸ್ಥೆ ಎಕ್ಸ್11ರಿಂದ ಹೊಸದಾದ ವೇಲ್ಯಾಂಡ್‌ಗೆ ಅದು ಸರಿಯುತ್ತಿದೆ. 2024ರ ಡಿಸೆಂಬರ್‌ನಲ್ಲಿ ಬಂದ ಎಕ್ಸ್‌ಎಫ್‌ಸಿಇ 4.20ರ ಬಹುತೇಕ ಭಾಗಗಳು ವೇಲ್ಯಾಂಡ್ ಮೇಲೆ ನಡೆಯುತ್ತವೆ, ಇನ್ನೂ ಪ್ರಾಯೋಗಿಕ ಹಂತದಲ್ಲಿ. ಆ ಬಿಡುಗಡೆಯಲ್ಲಿ ಎಕ್ಸ್11ರಲ್ಲೇ ಉಳಿದ ದೊಡ್ಡ ತುಂಡು ವಿಂಡೋಗಳನ್ನು ಜರುಗಿಸುವ, ಅಳತೆ ಬದಲಿಸುವ ವಿಂಡೋ ಮ್ಯಾನೇಜರ್, ಅಂದರೆ ಎಕ್ಸ್‌ಎಫ್‌ಡಬ್ಲ್ಯೂಎಂ4.

ಫೈಲ್ ಮ್ಯಾನೇಜರ್ ಥುನಾರ್, ಪಠ್ಯ ಸಂಪಾದಕ ಮೌಸ್‌ಪ್ಯಾಡ್‌ಗಳಿಗೆ ಹೆಚ್ಚು ಕಷ್ಟವಾಗಲಿಲ್ಲ, ಅವು ನಿಂತಿರುವ ಜಿಟಿಕೆ3 ಎಂಬ ಲೈಬ್ರರಿ ಆ ಭಾರ ಹೊತ್ತಿತು. ಪ್ಯಾನೆಲ್‌ನ ಪಾಡು ಬೇರೆ. ಎಕ್ಸ್11ರಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ತೆರೆದಿರುವ ಎಲ್ಲ ವಿಂಡೋಗಳ ಪಟ್ಟಿ ಕೇಳಬಹುದು, ತನಗೆ ಬೇಕಾದ ಜಾಗದಲ್ಲಿ ಕೂರಬಹುದು. ವೇಲ್ಯಾಂಡ್‌ನಲ್ಲಿ ಎರಡಕ್ಕೂ ಕಂಪೋಸಿಟರ್‌ನ, ಅಂದರೆ ವಿಂಡೋಗಳನ್ನು ಜೋಡಿಸಿ ಪರದೆಗೆ ಮೂಡಿಸುವ ಪ್ರೋಗ್ರಾಂನ, ಅನುಮತಿ ಬೇಕು. ಅದಕ್ಕಾಗಿಯೇ ಲಿಬ್‌ಎಕ್ಸ್‌ಎಫ್‌ಸಿಇ4ವಿಂಡೋಯಿಂಗ್ ಎಂಬ ಹೊಸ ಲೈಬ್ರರಿ ಹುಟ್ಟಿತು: ಎಕ್ಸ್11 ಇದ್ದರೆ ಲಿಬ್‌ವಿಂಕ್ ಮೂಲಕ, ವೇಲ್ಯಾಂಡ್ ಇದ್ದರೆ ಫಾರಿನ್-ಟಾಪ್‌ಲೆವೆಲ್ ಪ್ರೋಟೋಕಾಲ್ ಮೂಲಕ ಅದು ಪಟ್ಟಿ ತರುತ್ತದೆ. ಪ್ಯಾನೆಲನ್ನು ಪರದೆಯ ಅಂಚಿಗೆ ಕಟ್ಟಿಹಾಕುವುದು ಜಿಟಿಕೆ-ಲೇಯರ್-ಶೆಲ್ ಎಂಬ ಲೈಬ್ರರಿ. ಗ್ನೋಮ್ ಡೆಸ್ಕ್‌ಟಾಪ್‌ನ ಕಂಪೋಸಿಟರ್ ಮಟರ್‌ಗೆ ಲೇಯರ್-ಶೆಲ್ ಪ್ರೋಟೋಕಾಲ್ ಗೊತ್ತಿಲ್ಲ, ಹಾಗಾಗಿ ಅಲ್ಲಿ ಈ ಪ್ಯಾನೆಲ್ ಅಂಚಿಗೆ ನಿಲ್ಲದು. ಲ್ಯಾಬ್‌ಡಬ್ಲ್ಯೂಸಿ ಅಥವಾ ವೇಫೈರ್‌ನಂಥ ಕಂಪೋಸಿಟರ್ ಬೇಕು.

ಬಳಸಿ ನೋಡಬೇಕೆಂದರೆ ಮೊದಲು ಲ್ಯಾಬ್‌ಡಬ್ಲ್ಯೂಸಿ ಹಾಕಿಕೊಂಡು, ‘ಸ್ಟಾರ್ಟ್‌ಎಕ್ಸ್‌ಎಫ್‌ಸಿಇ4’ ಆಜ್ಞೆಗೆ ‘--ವೇಲ್ಯಾಂಡ್’ ಸೇರಿಸಿ ಸೆಷನ್ ಶುರುಮಾಡಿ. ಹೆಚ್ಚಿನವರು ಎಡವುವುದು ಕೀಬೋರ್ಡ್‌ನಲ್ಲಿ. ಸೆಟ್ಟಿಂಗ್ಸ್ ಕಿಟಕಿಯಲ್ಲಿ ಲೇಔಟ್ ಬದಲಿಸಿದರೆ ಏನೂ ಆಗುವುದಿಲ್ಲ, ಕಾರಣ ಕೀಲಿಗಳು ಈಗ ಕಂಪೋಸಿಟರ್ ಕೈಯಲ್ಲಿವೆ. ಲ್ಯಾಬ್‌ಡಬ್ಲ್ಯೂಸಿಯ ಎನ್ವಿರಾನ್ಮೆಂಟ್ ಫೈಲ್‌ನಲ್ಲಿ ಕೀಬೋರ್ಡ್ ವಿನ್ಯಾಸ ನಿರ್ಧರಿಸುವ ಎಕ್ಸ್‌ಕೆಬಿಯ ಡೀಫಾಲ್ಟ್ ಲೇಔಟನ್ನು ‘ಯುಎಸ್, ಐಎನ್’ ಎಂದೂ ವೇರಿಯಂಟಿನಲ್ಲಿ (ಲೇಔಟಿನ ಉಪಬಗೆ) ಮೊದಲ ಜಾಗ ಖಾಲಿ ಬಿಟ್ಟು, ಅಲ್ಪವಿರಾಮದ ನಂತರ ‘ಕೆಎಎನ್’ ಎಂದೂ ಬರೆದರೆ ಕನ್ನಡ ಇನ್‌ಸ್ಕ್ರಿಪ್ಟ್ ಬರುತ್ತದೆ. ಆ ಅಲ್ಪವಿರಾಮ ಬಿಟ್ಟರೆ ವೇರಿಯಂಟ್ ಇಂಗ್ಲಿಷ್ ಲೇಔಟಿಗೆ ಅಂಟಿಕೊಂಡು ಎರಡೂ ಕೆಡುತ್ತವೆ. ಕಗಪ ವಿನ್ಯಾಸಕ್ಕೆ ಎಫ್‌ಸಿಐಟಿಎಕ್ಸ್5 ಎಂಬ ಇನ್‌ಪುಟ್ ಪ್ರೋಗ್ರಾಂ, ಅದರ ಎಂ17ಎನ್ ಪ್ಲಗಿನ್ ಸಾಕು. ಎಕ್ಸ್‌ವೇಲ್ಯಾಂಡ್‌ನಲ್ಲಿ (ವೇಲ್ಯಾಂಡ್ ಒಳಗೇ ಎಕ್ಸ್11 ಒದಗಿಸುವ ಪದರ) ಓಡುವ ಹಳೆಯ ಅಪ್ಲಿಕೇಶನ್‌ಗಳಿಗಾಗಿ, ಇನ್‌ಪುಟ್ ಪ್ರೋಗ್ರಾಂ ಯಾವುದೆಂದು ತಿಳಿಸುವ ಎಕ್ಸ್‌ಮಾಡಿಫೈಯರ್ಸ್ ವೇರಿಯೇಬಲ್ ಮಾತ್ರ ಉಳಿಸಿಕೊಳ್ಳಿ. ಶಾರ್ಟ್‌ಕಟ್‌ಗಳ ಕತೆಯೂ ಇದೇ: ಅಪ್ಲಿಕೇಶನ್ ಹುಡುಕುವ ಆಪ್‌ಫೈಂಡರ್ ತೆರೆಯುವ ಕೀಲಿಯನ್ನು ಲ್ಯಾಬ್‌ಡಬ್ಲ್ಯೂಸಿಯ ಆರ್‌ಸಿ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಬರೆಯಬೇಕು. ಅಲ್ಲಿ ಸೂಪರ್ ಕೀಲಿಗೆ ‘ಡಬ್ಲ್ಯೂ’ ಗುರುತು.

ಟ್ರೇಯಲ್ಲಿ ಯಾವುದಾದರೂ ಐಕಾನ್ ಕಾಣದಿದ್ದರೆ ಆ ಅಪ್ಲಿಕೇಶನ್ ಇನ್ನೂ ಎಕ್ಸ್11ರ ಹಳೆಯ ಎಕ್ಸ್‌ಎಂಬೆಡ್ ವಿಧಾನವನ್ನು ನೆಚ್ಚಿಕೊಂಡಿರಬಹುದು. ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಡಿ-ಬಸ್ ಮೂಲಕ ಬರುವ ಸ್ಟೇಟಸ್ ನೋಟಿಫೈಯರ್ ಐಕಾನ್‌ಗಳಿಗೆ ಈ ತೊಂದರೆಯಿಲ್ಲ.

ಇನ್ನು ಎಕ್ಸ್‌ಎಫ್‌ಡಬ್ಲ್ಯೂಎಂ4. ಎಕ್ಸ್11ರಲ್ಲಿ ವಿಂಡೋ ಮ್ಯಾನೇಜರ್ ಸರ್ವರ್‌ಗೆ ಒಬ್ಬ ಗ್ರಾಹಕ ಅಷ್ಟೆ. ವೇಲ್ಯಾಂಡ್‌ನಲ್ಲಿ ಅದೇ ಸರ್ವರ್ ಆಗಬೇಕು: ಇನ್‌ಪುಟ್, ಪರದೆ, ಚಿತ್ರಣ ಮೂರೂ ಅದರ ಹೆಗಲಿಗೆ. ಹಳೆಯ ಸಿ ಕೋಡ್‌ನ ಎಳೆ ಎಳೆಯಲ್ಲೂ ಎಕ್ಸ್11 ಹೆಣೆದುಕೊಂಡಿದೆ. ಅದನ್ನು ಬಿಡಿಸುವ ಬದಲು ರಸ್ಟ್ ಭಾಷೆಯಲ್ಲಿ, ಕಂಪೋಸಿಟರ್ ಕಟ್ಟಲು ನೆರವಾಗುವ ಸ್ಮಿಥೇ ಲೈಬ್ರರಿ ಮೇಲೆ ಎಕ್ಸ್‌ಎಫ್‌ಡಬ್ಲ್ಯೂಎಲ್4 ಎಂಬ ಹೊಸ ಕಂಪೋಸಿಟರ್ ಬರೆಯುವುದಾಗಿ 2026ರ ಜನವರಿಯಲ್ಲಿ ಎಕ್ಸ್‌ಎಫ್‌ಸಿಇ ತಂಡ ಪ್ರಕಟಿಸಿತು. ಸರಿಯಾದ ನಿರ್ಧಾರ. ಎಕ್ಸ್11 ಬಳಕೆದಾರರ ಎಕ್ಸ್‌ಎಫ್‌ಡಬ್ಲ್ಯೂಎಂ4 ಮುಟ್ಟದೆಯೇ ಕೆಲಸ ಸಾಗುತ್ತದೆ. ಹೊಸ ಕಂಪೋಸಿಟರ್ ಕೈಗೆ ಬರುವವರೆಗೆ ಎರಡೂ ಸೆಷನ್‌ಗಳನ್ನು ಇಟ್ಟುಕೊಂಡು, ಲಾಗಿನ್ ಪರದೆಯಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳಿ.