ಕಾಶಿಗೆ ಹೋಗುವವರು ಭಾರತ ಕಲಾ ಭವನಕ್ಕೆ ಅರ್ಧ ದಿನ ಎತ್ತಿಡಿ

ಈ ವಸ್ತುಸಂಗ್ರಹಾಲಯ ಇರುವುದು ಬನಾರಸ್ ಹಿಂದೂ ವಿಶ್ವವಿದ್ಯಾಲಯದೊಳಗೆ. ವಿಶ್ವನಾಥ ದೇವಸ್ಥಾನದ ಹತ್ತಿರದ ಗೊದೌಲಿಯಾ ವೃತ್ತದಿಂದ ಅಲ್ಲಿಗೆ ಐದಾರು ಕಿಲೋಮೀಟರ್ ಅಷ್ಟೇ. ಆಟೋದವನು 300 ರೂಪಾಯಿ ಕೇಳಿದ, ಕಲಾ ಭವನದ ಬಾಗಿಲಿಗೇ ಬಿಡ್ತೀನಿ ಅಂದ. ಜೊತೆಗಿದ್ದ ಅಮ್ಮನಿಗೆ ಮಂಡಿನೋವು, ಹಾಗಾಗಿ ಚೌಕಾಸಿ ಮಾಡಲಿಲ್ಲ. ಲಂಕಾ ಎಂಬ ಬಡಾವಣೆಯಲ್ಲಿರುವ ವಿಶ್ವವಿದ್ಯಾಲಯದ ಹೆಬ್ಬಾಗಿಲು ಸಿಂಹದ್ವಾರ ಬಂದದ್ದೇ, ಒಳಗೆ ಬಿಡಲ್ಲ ಅಂತ ಇಳಿಸಿಬಿಟ್ಟ. ನಮ್ಮ ಕಣ್ಣೆದುರೇ ಬೇರೆ ಆಟೋಗಳು ಒಳಗೆ ಹೋಗುತ್ತಿದ್ದವು! ಆವರಣವೇ ಸುಮಾರು 1,300 ಎಕರೆ, ವಯಸ್ಸಾದವರನ್ನು ನಡೆಸಬೇಡಿ. ಲಂಕಾವರೆಗೆ ಶೇರ್ ಆಟೋ ಹಿಡಿದು, ಅಲ್ಲಿಂದ ಬೇರೆ ಈ-ರಿಕ್ಷಾ ಮಾಡಿಕೊಳ್ಳಿ. ಭಾನುವಾರ ಮಾತ್ರ ಹೋಗಬೇಡಿ, ಮುಚ್ಚಿರುತ್ತದೆ.

ಇಳಿದ ಜಾಗದಲ್ಲೇ ಒಂದು ತಳ್ಳುಗಾಡಿ ಇತ್ತು. ಕಾಶಿಯಲ್ಲಿ ನಾವು ತಿಂದದ್ದರಲ್ಲಿ ಅದೇ ಶ್ರೇಷ್ಠ. ಉದ್ದಿನ ಹೂರಣದ ಕಚೌರಿ, ಎಣ್ಣೆಯಿಂದ ತೆಗೆದದ್ದೇ ಎಲೆಯ ದೊನ್ನೆಗೆ, ಮೇಲೆ ಆಲೂಗಡ್ಡೆ-ಕಡಲೆಕಾಳಿನ ಬಿಸಿ ಪಲ್ಯ. ಇಂಗಿನ ಘಮ ಆಚೆ ಬದಿಗೂ ಬರುತ್ತಿತ್ತು. ಕೊನೆಗೆ ಜಿಲೇಬಿ. ಗಾಡಿಯವನು "ಬೈಠಿಯೇ ಮಾತಾಜಿ" ಎಂದು ತನ್ನ ಸ್ಟೂಲನ್ನೇ ಅಮ್ಮನಿಗೆ ಕೊಟ್ಟ. ಇಬ್ಬರಿಗೂ ಸೇರಿ ನೂರು ರೂಪಾಯಿ ದಾಟಲಿಲ್ಲ. ಬೆಳಿಗ್ಗೆಯೇ ಹೋಗಿ, ಹೊತ್ತೇರಿದರೆ ಕಚೌರಿ ಉಳಿಯುವುದಿಲ್ಲ.

ಕಲಾ ಭವನದೊಳಗೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಗೋವರ್ಧನಧಾರಿ ಕೃಷ್ಣ. ಗುಪ್ತರ ಕಾಲದ ಮರಳುಗಲ್ಲಿನ ವಿಗ್ರಹ, ಸಿಕ್ಕಿದ್ದು ಇದೇ ವಾರಾಣಸಿಯಲ್ಲಿ. ಎಡಗೈ ಎತ್ತಿ ಬೆಟ್ಟ ಹಿಡಿದು ನಿಂತಿದ್ದಾನೆ, ಮೈಯಲ್ಲಿ ಎಲ್ಲೂ ಬಿಗಿತವಿಲ್ಲ. ಅಮ್ಮ ತುಂಬಾ ಹೊತ್ತು ನೋಡಿ, "ಹಸುಗಳೆಲ್ಲಿ ಕಣೋ?" ಅಂದರು. ಹಳೇಬೀಡಿನಲ್ಲಿ ಇದೇ ಕಥೆಗೆ ದನಕರು, ಗೋಪಾಲಕರು, ಬೆಟ್ಟದ ಪ್ರಾಣಿಗಳೆಲ್ಲ ಕಿಕ್ಕಿರಿದಿರುವುದನ್ನು ನೋಡಿದ ಕಣ್ಣು ಅದು. ಇಲ್ಲಿ ಕೃಷ್ಣನೇ ಎಲ್ಲ. ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ವಿಶ್ವನಾಥನ ದರ್ಶನಕ್ಕೆ ನಾಲ್ಕು ಗಂಟೆ ಸಾಲಿನಲ್ಲಿ ನಲುಗಿದ್ದ ನನಗೆ, ದೇವರನ್ನು ಇಷ್ಟು ಸಾವಧಾನವಾಗಿ ನೋಡಿದ್ದು ಇಲ್ಲೇ. ನೂಕುನುಗ್ಗಲು ನನಗಾಗದು, ಗಂಗಾ ಆರತಿಗೂ ಹೋಗಲಿಲ್ಲ.

ರಾಯ್ ಕೃಷ್ಣದಾಸರು 1920ರಲ್ಲಿ ಶುರುಮಾಡಿದ ಸಂಗ್ರಹವಿದು, 1950ರಲ್ಲಿ ವಿಶ್ವವಿದ್ಯಾಲಯದ ಆವರಣಕ್ಕೆ ಬಂತು. ಈಗ ಇರುವ ವಸ್ತುಗಳು ಒಂದು ಲಕ್ಷಕ್ಕೂ ಹೆಚ್ಚು. ಎಲ್ಲ ನೋಡುವ ಆಸೆ ಬಿಡಿ. ಮೊಘಲ್, ರಾಜಸ್ಥಾನಿ, ಪಹಾಡಿ ಶೈಲಿಯ ಮಿನಿಯೇಚರ್ ವರ್ಣಚಿತ್ರಗಳ ಮುಂದೆ ಮಾತ್ರ ಅವಸರ ಮಾಡಬೇಡಿ. ಗಾಜಿಗೆ ಮೂಗು ತಾಗುವಷ್ಟು ಬಾಗಿದರೆ ಮರದ ಒಂದೊಂದು ಎಲೆಯನ್ನೂ ಬಿಡಿಸಿ ಬರೆದಿರುವುದು ಕಾಣುತ್ತದೆ. ಕನ್ನಡಕ ಮರೆಯಬೇಡಿ. ನಾಣ್ಯಗಳನ್ನು ನಾವು ಹಾಗೇ ದಾಟಿದೆವು.

ರಷ್ಯದ ಕಲಾವಿದ ನಿಕೋಲಸ್ ರೋರಿಕ್ ಅವರ ಹಿಮಾಲಯದ ಚಿತ್ರಗಳಿಗೆ ಬೇರೆಯದೇ ಗ್ಯಾಲರಿ ಇದೆ. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಚಿತ್ರನಟಿ ದೇವಿಕಾ ರಾಣಿಯವರೊಂದಿಗೆ ಬಾಳಿದ ಸ್ವೆತೊಸ್ಲಾವ್ ರೋರಿಕ್ ಇವರ ಮಗ. ಅಸ್ಸಿ ಘಾಟಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಸ್ವಿಸ್ ಕಲಾವಿದೆ ಆಲಿಸ್ ಬೋನರ್ ಅವರಿಗೂ ಒಂದು ಗ್ಯಾಲರಿ ಇದೆ. ಅಷ್ಟರಲ್ಲಿ ಅಮ್ಮನ ಮಂಡಿ ಸೋತಿತ್ತು, ಅಲ್ಲಿ ಹೆಚ್ಚು ನಿಲ್ಲಲಾಗಲಿಲ್ಲ. ನೀವು ಅದನ್ನೇ ಮೊದಲು ನೋಡಿ.

ಈ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ (ಚಾನ್ಸಲರ್) ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್. ಹಿಂದಿರುಗುವಾಗ ರಿಕ್ಷಾದಲ್ಲಿ ಇದನ್ನು ಹೇಳಿದೆ. ಅಮ್ಮ ಮೈಸೂರಿನವರು, ಸಿಂಹದ್ವಾರ ದಾಟುವವರೆಗೂ ತಿರುಗಿ ತಿರುಗಿ ನೋಡುತ್ತಿದ್ದರು.